ಎಂಟು ಅಡಿ ಹಲಗೆಯ ಮೇಲೆ ನಮ್ಮ ಸೀಮೆಯ ರೈಲು ನಿಲ್ದಾಣ: ಅಳತೆ, ಕಟ್ಟಡ, ಬಂಡೆ, ವ್ಯಾಗನ್ ಕುರಿತು ಸಲಹೆ ಬೇಕು

ಹಲಗೆರೈಲು (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಗೋಡೆಗೆ ಒತ್ತಿದಂತೆ ಎಂಟು ಅಡಿ ಉದ್ದ, ಎರಡು ಅಡಿ ಅಗಲದ ಪ್ಲೈವುಡ್ ಹಲಗೆಯೊಂದನ್ನು ಕೂರಿಸಿದ್ದೇನೆ. ನೋಡಿದ ಕೂಡಲೇ ಇದು ನಮ್ಮ ಕಡೆಯದು ಎಂದು ಗುರುತು ಸಿಗುವಂಥ ಮಾದರಿ ರೈಲು ನಿಲ್ದಾಣವನ್ನು ಅದರ ಮೇಲೆ ಕಟ್ಟಬೇಕೆಂಬುದು ನನ್ನ ಆಸೆ. ಸದ್ಯಕ್ಕೆ ಕೈಯಲ್ಲಿರುವುದು 1:87 ಅಳತೆಯ (ನಿಜದ ಗಾತ್ರದ 87ರಲ್ಲಿ ಒಂದು ಪಾಲಿನ), ಎಚ್‌ಒ ಎಂದು ಕರೆಯಲಾಗುವ, 16.5 ಮಿ.ಮೀ. ಹಳಿಯ ಒಂದು ಆರಂಭಿಕ ಸೆಟ್ ಮಾತ್ರ. ಅದರ ಎಂಜಿನ್ ಜರ್ಮನಿಯ ರೂಪದ್ದು. ಕಟ್ಟಡಗಳ ಕಿಟ್ ನೋಡಿದರೆ ಎಲ್ಲವೂ ಹಿಮ ಜಾರಲೆಂದು ಕಡಿದಾದ ಚಾವಣಿ ಹೊದ್ದ ಮನೆಗಳೇ.

ದಾವಣಗೆರೆಯ ಈಗಿನ ನಿಲ್ದಾಣವನ್ನೇ ಮಾಡಿ, ಒಂದು ಕಡೆ ಎಲ್‌ಎಚ್‌ಬಿ ಎಂಬ ಹೊಸ ಬಗೆಯ ಪ್ರಯಾಣಿಕ ಬೋಗಿಗಳ ರೈಲನ್ನೂ ಮತ್ತೊಂದು ಕಡೆ ಕಬ್ಬಿಣದ ಅದಿರು ತುಂಬಿದ, ಬಾಕ್ಸ್‌ಎನ್ ಎಂಬ ಮೇಲೆ ತೆರೆದ ಗೂಡ್ಸ್ ವ್ಯಾಗನ್‌ಗಳನ್ನೂ ನಿಲ್ಲಿಸೋಣವೆಂದುಕೊಂಡಿದ್ದೆ. ಆದರೆ ಎಲ್‌ಎಚ್‌ಬಿ ಬೋಗಿಯ ಉದ್ದ ಸುಮಾರು 23.5 ಮೀಟರ್ ಆಗಿರುವುದರಿಂದ 1:87ರಲ್ಲಿ ಒಂದೊಂದು ಬೋಗಿಯೂ 27 ಸೆಂ.ಮೀ. ಆಗುತ್ತದೆ, ಇಪ್ಪತ್ತೆರಡು ಬೋಗಿಗಳ ರೈಲೆಂದರೆ ಆರು ಮೀಟರಿಗೆ ಸಮೀಪ. ನನ್ನ ಹಲಗೆಯೇ ಎರಡೂವರೆ ಮೀಟರ್ ಇಲ್ಲ. ಹೀಗಿರುವಾಗ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು? ಕಲ್ಲಿನ ಗೋಡೆ, ಮಂಗಳೂರು ಹೆಂಚು, ಚಿತ್ರದುರ್ಗದ ಬಂಡೆ ಇವುಗಳನ್ನು ಇಲ್ಲೇ ಸಿಗುವ ಸಾಮಗ್ರಿಗಳಿಂದ ನಂಬುವ ಹಾಗೆ ಮಾಡುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಪಿ.ಡಬ್ಲ್ಯು.ಐ. (ಚಿತ್ರದುರ್ಗ, ನಿವೃತ್ತ):

ಮೊದಲು ಹಳಿಯ ಲೆಕ್ಕ ನೋಡಿ. 16.5 ಮಿ.ಮೀ. ಎಂಬುದು ಯುರೋಪಿನ 1435 ಮಿ.ಮೀ. ಗೇಜನ್ನು, ಅಂದರೆ ಎರಡು ಹಳಿಗಳ ನಡುವಿನ ಅಂತರವನ್ನು, 87ರಿಂದ ಭಾಗಿಸಿ ಬಂದದ್ದು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಇರುವುದರಿಂದ ಅದೇ ಅಳತೆಯಲ್ಲಿ ಸುಮಾರು 19.3 ಮಿ.ಮೀ. ಬೇಕು. ನಿಮ್ಮ ಸೆಟ್ಟಿನ ಹಳಿಯ ಮೇಲೆ ನಮ್ಮ ಅಗಲವಾದ ಬೋಗಿಯನ್ನು ನಿಲ್ಲಿಸಿದರೆ ಅದು ಕಾಲು ಜೋಡಿಸಿಕೊಂಡು ನಿಂತ ದಪ್ಪ ಮನುಷ್ಯನಂತೆ ಕಾಣುತ್ತದೆ. ಮೀಟರ್ ಗೇಜನ್ನು ತೆಗೆದುಕೊಂಡರೆ 1000 ಭಾಗಿಸು 87, ಅಂದರೆ 11.5 ಮಿ.ಮೀ.; ಎಚ್‌ಒಎಂ ಎಂಬ ಹೆಸರಿನಲ್ಲಿ 12 ಮಿ.ಮೀ. ಹಳಿ ಸಿದ್ಧವಾಗಿಯೇ ಸಿಗುತ್ತದೆ, ಪೆಕೊ ಮತ್ತು ಟಿಲ್ಲಿಗ್ ಎರಡೂ ತಯಾರಿಸುತ್ತವೆ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯದು ಜಾಗದ ಪ್ರಶ್ನೆ. ಎಂಟು ಅಡಿಯಲ್ಲಿ ದಾವಣಗೆರೆಯಂಥ ಹಾದುಹೋಗುವ ನಿಲ್ದಾಣವನ್ನು ಮಾಡಿದರೆ ರೈಲು ಒಂದು ತುದಿಯಲ್ಲಿ ಕಾಣಿಸಿಕೊಂಡು ಇನ್ನೊಂದು ತುದಿಯಲ್ಲಿ ಮರೆಯಾಗುವಷ್ಟರಲ್ಲೇ ಆಟ ಮುಗಿಯುತ್ತದೆ. ಅದಕ್ಕೆ ಬದಲು ಕವಲು ಹಾದಿಯ ಕೊನೆಯ ನಿಲ್ದಾಣವನ್ನು ಆರಿಸಿಕೊಳ್ಳಿ. ರಾಯದುರ್ಗದ ಕಡೆಗೆ ಹಳಿ ಮುಂದುವರಿಯುವುದಕ್ಕೆ ಮೊದಲು, ಚಿಕ್ಕಜಾಜೂರಿನಿಂದ ಬರುತ್ತಿದ್ದ ಮೀಟರ್ ಗೇಜ್ ಹಾದಿಗೆ ಚಿತ್ರದುರ್ಗವೇ ಕೊನೆಯಾಗಿತ್ತು. ಕೊನೆಯ ನಿಲ್ದಾಣದಲ್ಲಿ ಎಂಜಿನ್ ರೈಲಿನಿಂದ ಕಳಚಿಕೊಂಡು, ಪಕ್ಕದ ಲೂಪ್ ಹಳಿಯಲ್ಲಿ ಸುತ್ತಿ ಬಂದು, ಮತ್ತೊಂದು ತುದಿಗೆ ಜೋಡಿಸಿಕೊಳ್ಳಬೇಕು. ಗೂಡ್ಸ್ ಡಬ್ಬಿಗಳನ್ನು ಬೇರ್ಪಡಿಸಿ ಶೆಡ್ಡಿಗೆ ತಳ್ಳಬೇಕು. ಒಂದು ರೈಲು ಬಂದು ಹೊರಡುವುದಕ್ಕೆ ಅರ್ಧ ಗಂಟೆಯ ಕೆಲಸವಿದೆ. ಮೀಟರ್ ಗೇಜಿನ ಬೋಗಿ ಸುಮಾರು ಹತ್ತೊಂಬತ್ತೂವರೆ ಮೀಟರ್ ಉದ್ದದ್ದು, ಮಾದರಿಯಲ್ಲಿ 22 ಸೆಂ.ಮೀ. ಚಿಲ್ಲರೆ. ಎರಡು ಕಡುಗೆಂಪು ಬೋಗಿ, ನಾಲ್ಕು ಗಾಲಿಯ ಎರಡು ಮುಚ್ಚಿದ ಗೂಡ್ಸ್ ಡಬ್ಬಿ, ಮುಂದೆ ಒಂದು ವೈಪಿ ಅಥವಾ ವೈಜಿ ಉಗಿ ಎಂಜಿನ್, ಇಲ್ಲವೇ ವೈಡಿಎಂ-4 ಡೀಸೆಲ್. ಇಷ್ಟು ಸಾಕು, ಹಲಗೆಯ ಅರ್ಧವನ್ನೂ ಅದು ತಿನ್ನುವುದಿಲ್ಲ.

ಕಾಲವನ್ನು 1980ರ ಆಸುಪಾಸು ಎಂದು ನಿಶ್ಚಯಿಸಿಕೊಂಡರೆ ಬಹಳಷ್ಟು ತೀರ್ಮಾನಗಳು ತಾವಾಗಿಯೇ ಆಗುತ್ತವೆ. ಹಳಿಯ ಮೇಲೆ ವಿದ್ಯುತ್ ತಂತಿ ಇರಬಾರದು, ಕಾಂಕ್ರೀಟ್ ಸ್ಲೀಪರ್ ಇರಬಾರದು, ಜೋಗಿಮಟ್ಟಿಯ ಕಡೆಯ ಗುಡ್ಡದ ಮೇಲೆ ಗಾಳಿಯಂತ್ರಗಳೂ ಇರಬಾರದು. ಸ್ಲೀಪರ್‌ಗಳು ಮರದವು ಅಥವಾ ಬೀಡುಕಬ್ಬಿಣದವು; ಸಿಗ್ನಲ್ ಕೈಮರದ್ದು.

ಹಳಿ ನಿರ್ವಹಣೆಯ ಇನ್‌ಸ್ಪೆಕ್ಟರ್ (ಪಿ.ಡಬ್ಲ್ಯು.ಐ.) ಆಗಿದ್ದ ನನಗೆ ಜಲ್ಲಿ ಕಸುಬಿನ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳಿಗೆ ಹಾಕುವ ಜಲ್ಲಿ ಸುಮಾರು 50 ಮಿ.ಮೀ. ಗಾತ್ರದ್ದು; 1:87ರಲ್ಲಿ ಅದು 0.6 ಮಿ.ಮೀ.ಗಿಂತ ದಪ್ಪವಿರಬಾರದು. ಹವ್ಯಾಸದ ಅಂಗಡಿಗಳ ಪೊಟ್ಟಣದಲ್ಲಿ ಬರುವ ಜಲ್ಲಿ ಎಷ್ಟೋ ಸಲ ಒಂದು ಮಿಲಿಮೀಟರನ್ನು ದಾಟಿರುತ್ತದೆ, ಅಂದರೆ ನಿಜದಲ್ಲಿ ಮುಷ್ಟಿಗೆ ಸಿಗದ ಗುಂಡುಕಲ್ಲು. ಕಟ್ಟಡದ ಕೆಲಸಕ್ಕೆ ತರುವ ಎಂ-ಸ್ಯಾಂಡ್ ತೆಗೆದುಕೊಂಡು, ಮರಳನ್ನು ಪರೀಕ್ಷಿಸಲು ಬಳಸುವ 600 ಮೈಕ್ರಾನ್ ಜರಡಿಯಲ್ಲಿ ಜಾಲಿಸಿ, ಕೆಳಗೆ ಬಿದ್ದದ್ದನ್ನು 300 ಮೈಕ್ರಾನ್ ಜರಡಿಯಲ್ಲಿ ಮತ್ತೆ ಜಾಲಿಸಿ, ಮೇಲೆ ಉಳಿದದ್ದನ್ನು ಇಟ್ಟುಕೊಳ್ಳಿ. ಹಳಿಗೆ ಹಾಕುವುದೂ ಕಲ್ಲಿನ ಕ್ವಾರಿಯಲ್ಲಿ ಒಡೆದ ಜಲ್ಲಿಯೇ ಆದ್ದರಿಂದ ಬಣ್ಣ ಬಳಿಯುವ ಅಗತ್ಯವೇ ಬೀಳದು. ಕುಂಚದಿಂದ ಹರಡಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ನೀರನ್ನು ಸಿಂಪಡಿಸಿ ಒದ್ದೆ ಮಾಡಿ, ಒಂದು ಪಾಲು ಫೆವಿಕಾಲಿಗೆ ಎರಡು ಪಾಲು ನೀರು ಸೇರಿಸಿ ಡ್ರಾಪರಿನಿಂದ ಬಿಡಿ. ಮೊದಲು ಒದ್ದೆ ಮಾಡದಿದ್ದರೆ ಅಂಟು ಮುತ್ತಿನಂತೆ ಉರುಳಿ ಜಲ್ಲಿಯನ್ನು ಗುಳಿ ಬೀಳಿಸುತ್ತದೆ. ಇನ್ನೊಂದು ಮಾತು: ಕವಲು ಹಾದಿಯಲ್ಲಿ ಜಲ್ಲಿ ಯಾವತ್ತೂ ಮುಖ್ಯ ಹಾದಿಯಷ್ಟು ತುಂಬಿರುತ್ತಿರಲಿಲ್ಲ. ಯಾರ್ಡಿನ ಹಳಿಗಳಲ್ಲಿ ಮಣ್ಣು, ಬೂದಿ, ಒಣಹುಲ್ಲು ಸ್ಲೀಪರಿನ ಮಟ್ಟಕ್ಕೆ ಬಂದಿರಲಿ.

ಹಲಗೆರೈಲು (ದಾವಣಗೆರೆ):

ಸರ್, ಕೊನೆಯ ನಿಲ್ದಾಣದ ಯೋಚನೆ ನನಗೆ ಹೊಳೆದೇ ಇರಲಿಲ್ಲ, ಮನಸ್ಸಿಗೆ ಒಪ್ಪಿತು. ಆದರೆ ಎರಡು ಅನುಮಾನಗಳಿವೆ. ಹಳೆಯ ನಿಲ್ದಾಣದ ನಕ್ಷೆ ನನ್ನ ಬಳಿ ಇಲ್ಲ. ಹಳೆಯ ಛಾಯಾಚಿತ್ರಗಳಿಂದಲೇ ಅಳತೆ ತೆಗೆಯಬಹುದೇ? ಹಾಗೆಯೇ, ವೈಡಿಎಂ-4 ಎಂಜಿನ್ನಿನ ಮೈಯನ್ನು ತ್ರೀಡಿ ಪ್ರಿಂಟ್ ಮಾಡಿಸಿದರೂ ಅದರ ಕೆಳಗಿನ ಮೋಟಾರು, ಗಾಲಿಗಳನ್ನು ಎಲ್ಲಿಂದ ತರುವುದು?

ಅಕ್ಷರ ಬೋರ್ಡ್ (ದಾವಣಗೆರೆ, ಪಿ.ಜೆ. ಬಡಾವಣೆ):

ನನ್ನದು ನಾಮಫಲಕ ತಯಾರಿಸುವ ಅಂಗಡಿ. ಕತ್ತರಿಸುವ, ಅಂಟಿಸುವ ವಿಷಯವನ್ನು ನಾನು ಹೇಳುತ್ತೇನೆ. ಎಂಜಿನ್ನಿನ ಪ್ರಶ್ನೆಗೆ ಮೊದಲು ಚಿಕ್ಕ ಉತ್ತರ: 1:120ರ ಟಿಟಿ ಅಳತೆಯ ಮಾದರಿಗಳೂ 12 ಮಿ.ಮೀ. ಹಳಿಯ ಮೇಲೆಯೇ ಓಡುತ್ತವೆ. ವೈಡಿಎಂ-4ಕ್ಕೆ ಮೂರು ಆಕ್ಸಲ್‌ಗಳ ಎರಡು ಗಾಲಿ ಚೌಕಟ್ಟುಗಳು ಬೇಕಾದ್ದರಿಂದ, ಆರು ಆಕ್ಸಲ್‌ಗಳ ಟಿಟಿ ಡೀಸೆಲ್ ಎಂಜಿನ್ನಿನ ಚಾಸಿಯ (ಮೋಟಾರು, ಗಾಲಿಗಳಿರುವ ಕೆಳಭಾಗದ) ಗಾಲಿಗಳ ಅಂತರವನ್ನು ನಕ್ಷೆಯ ಪಕ್ಕದಲ್ಲಿಟ್ಟು ಹೋಲಿಸಿ ಆರಿಸಿಕೊಳ್ಳಿ. ಮೈಯನ್ನು ಚಾಸಿ ಕೈಗೆ ಬಂದ ಮೇಲೆಯೇ ಪ್ರಿಂಟಿಗೆ ಕೊಡಿ.

ಛಾಯಾಚಿತ್ರದಿಂದ ಅಳತೆ ತೆಗೆಯುವುದಕ್ಕೆ ಬಾಗಿಲನ್ನು ಹಿಡಿಯಬೇಕು. ಏಳು ಅಡಿಯ ಬಾಗಿಲು ಎಂದಿಟ್ಟುಕೊಂಡರೆ ಮಾದರಿಯಲ್ಲಿ ಅದು 24 ಮಿ.ಮೀ.; ಚಿತ್ರದಲ್ಲಿ ಬಾಗಿಲಿನ ಎಷ್ಟು ಪಾಲು ಗೋಡೆ ಎತ್ತರವಿದೆಯೆಂದು ನೋಡಿ ಉಳಿದದ್ದನ್ನು ಗುಣಿಸಿಕೊಳ್ಳಿ. ಕಲ್ಲಿನ ವರಸೆಗಳನ್ನು ಎಣಿಸಿದರೆ ಇನ್ನೂ ನಿಖರವಾಗುತ್ತದೆ. ಚಿತ್ರವನ್ನು ಓರೆಯಾಗಿ ತೆಗೆದಿದ್ದರೆ ಮಾತ್ರ ದೂರದ ತುದಿಯನ್ನು ನಂಬಬೇಡಿ.

ಗೋಡೆಗೆ ಫ್ಲೆಕ್ಸ್ ಅಂಗಡಿಗಳಲ್ಲಿ ಸಿಗುವ ಸನ್‌ಬೋರ್ಡ್ ಬಹಳ ಒಳ್ಳೆಯದು, ಅದರಲ್ಲಿಯೂ ದಪ್ಪವನ್ನು ನೋಡಿ ಕೊಳ್ಳಬೇಕು. 5 ಮಿ.ಮೀ. ಹಲಗೆಯನ್ನು 87ರಿಂದ ಗುಣಿಸಿದರೆ 43 ಸೆಂ.ಮೀ. ಆಗುತ್ತದೆ, ಅದು ಹಳೆಯ ಕಲ್ಲುಗೋಡೆಯ ದಪ್ಪಕ್ಕೆ ಹತ್ತಿರ. ತೆಳು ರಟ್ಟಿನಲ್ಲಿ ಕಟ್ಟಿ ಕಿಟಕಿಯನ್ನು ಹೊರಮೈಗೆ ಅಂಟಿಸಿದ ನಿಲ್ದಾಣ ಎಷ್ಟೇ ಅಂದವಾಗಿದ್ದರೂ ಡಬ್ಬಿಯಂತೆಯೇ ಕಾಣುತ್ತದೆ. ಚೌಕಟ್ಟು ಗೋಡೆಯೊಳಕ್ಕೆ ಮೂರು ಮಿಲಿಮೀಟರ್ ಸರಿದು ನೆರಳು ಬಿದ್ದಾಗಲೇ ಗೋಡೆಗೆ ತೂಕ ಬರುತ್ತದೆ. ಸನ್‌ಬೋರ್ಡಿನ ಮೇಲ್ಪದರ ಮೃದುವಾಗಿರುವುದರಿಂದ ಮುಗಿದುಹೋದ ಬಾಲ್‌ಪೆನ್ನಿನಿಂದ ಒತ್ತಿ ಕಲ್ಲಿನ ಸಂದುಗಳನ್ನು ಬರೆಯಬಹುದು. ಒಂದು ಎಚ್ಚರಿಕೆ: ಸನ್‌ಬೋರ್ಡ್ ಪಿವಿಸಿ ಆಗಿರುವುದರಿಂದ ಅದನ್ನು ಯಾವ ಕಾರಣಕ್ಕೂ ಲೇಸರ್ ಯಂತ್ರದಲ್ಲಿ ಕತ್ತರಿಸಬಾರದು. ಅದು ಸುಟ್ಟಾಗ ಆಮ್ಲದ ಹೊಗೆ ಬರುತ್ತದೆ, ಶ್ವಾಸಕ್ಕೂ ಯಂತ್ರಕ್ಕೂ ಕೆಡುಕು. ಲೇಸರಿಗೆ ಎಂಡಿಎಫ್ ಅಥವಾ ಮೌಂಟ್ ಬೋರ್ಡ್ ಕೊಡಿ. ಕಿಟಕಿಯ ಸರಳು, ಸೂರಿನಂಚಿನ ಮರದ ಕೆತ್ತನೆ, ಬೆಂಚು ಇವೆಲ್ಲ ಅದರಲ್ಲಿ ಸೊಗಸಾಗಿ ಬರುತ್ತವೆ. ಸನ್‌ಬೋರ್ಡಿಗೆ ಬ್ಲೇಡು ಮತ್ತು ತಾಳ್ಮೆ ಸಾಕು.

ಹೆಂಚಿನ ಚಾವಣಿಯಲ್ಲಿ ಒಂದರ ಮೇಲೊಂದು ಕೂತ ಮೇಲೆ ಕಣ್ಣಿಗೆ ಕಾಣುವ ಭಾಗ ಮಾದರಿಯಲ್ಲಿ ಸುಮಾರು 3.7 ಮಿ.ಮೀ. ಉದ್ದ, 2.4 ಮಿ.ಮೀ. ಅಗಲ. ತೆಳು ರಟ್ಟಿನ ಪಟ್ಟಿಗಳಿಗೆ 2.4 ಮಿ.ಮೀ.ಗೊಂದು ಗೀರು ಹಾಕಿ, ಸೂರಿನಿಂದ ಆರಂಭಿಸಿ ಮೇಲಕ್ಕೆ ಒಂದರ ಮೇಲೊಂದು ಅಂಟಿಸುತ್ತ ಹೋಗಿ. ಎಲ್ಲ ಹೆಂಚಿಗೂ ಒಂದೇ ಕೆಂಪು ಬಳಿದರೆ ಆಟಿಕೆಯಾಗುತ್ತದೆ. ಅಲ್ಲಲ್ಲಿ ಕಪ್ಪಾದದ್ದು, ಹೊಸದಾಗಿ ಬದಲಿಸಿದ್ದು, ಜರುಗಿದ್ದು ಇರಬೇಕು.

ಗೂಡ್ಸ್ ಶೆಡ್ಡಿನ ತಗಡಿಗೆ ನಾನು ಪಾರ್ಸೆಲ್ ಊಟದ ಅಲ್ಯೂಮಿನಿಯಂ ಡಬ್ಬಿಯನ್ನು ಬಳಸುತ್ತೇನೆ. ನಿಜವಾದ ತಗಡಿನ ಅಲೆಗಳ ನಡುವೆ ಮೂರು ಅಂಗುಲ ಅಂತರವಿರುತ್ತದೆ, ಮಾದರಿಯಲ್ಲಿ 0.88 ಮಿ.ಮೀ.; ಎಂ5 ಬೋಲ್ಟಿನ ಮರೆಗಳ (ತಿರುಪಿನ ಏಣುಗಳ) ಅಂತರ 0.8 ಮಿ.ಮೀ. ಎಂಬುದು ನಮ್ಮ ಅದೃಷ್ಟ. ಹಾಳೆಯನ್ನು ರಬ್ಬರ್ ಮ್ಯಾಟಿನ ಮೇಲಿಟ್ಟು, ಉದ್ದನೆಯ ಎಂ5 ಥ್ರೆಡ್ ರಾಡನ್ನು ಒತ್ತಿ ಹಿಡಿದು ಎಳೆಯಿರಿ. ಉರುಳಿಸಬೇಡಿ, ಮರೆ ಸುರುಳಿಯಾಗಿರುವುದರಿಂದ ಉರುಳಿಸಿದರೆ ಅಲೆಗಳು ಓರೆಯಾಗುತ್ತವೆ.

ನಿಲ್ದಾಣದ ಬೆನ್ನಿಗೆ ಊರಿನ ಗುರುತಾಗಿ ಏನಾದರೂ ಬೇಕೆಂದರೆ, ಕೋಟೆಯನ್ನು ತಂದು ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೆ ಅದು ಪ್ರವಾಸೋದ್ಯಮದ ಭಿತ್ತಿಪತ್ರದಂತೆ ತೋರುತ್ತದೆ. ನೀವು ದಾವಣಗೆರೆಯವರಾದ್ದರಿಂದ ಸುಮ್ಮನೆ ಒಂದು ಮಂಡಕ್ಕಿ ಭಟ್ಟಿಯನ್ನು ಇಟ್ಟುಬಿಡಿ: ಮಸಿ ಹಿಡಿದ ಗೋಡೆ, ಹೊಗೆಯ ಕೊಳವೆ, ಅಂಗಳದಲ್ಲಿ ಹರಡಿದ ಭತ್ತ, ಪಕ್ಕದಲ್ಲಿ ಹೊಟ್ಟಿನ ರಾಶಿ. ಮಸಿಗೆ ಇದ್ದಿಲನ್ನು ಅರೆದು ಒಣ ಕುಂಚದಲ್ಲಿ ಮೇಲ್ಮುಖವಾಗಿ ಸವರಬೇಕು, ಬಾಗಿಲ ಮೇಲ್ಭಾಗದಲ್ಲಿ ಗಾಢ, ಸೂರಿನತ್ತ ತೆಳು. ನಿಲ್ದಾಣದ ಗೋಡೆಯ ಮೂಲೆಗಳಲ್ಲಿ ಎಲೆ-ಅಡಿಕೆ ಉಗುಳಿದ ಕಂದುಗೆಂಪು ಕಲೆಯನ್ನು ಮರೆಯಬೇಡಿ. ಅದಿಲ್ಲದ ನಿಲ್ದಾಣವನ್ನು ಯಾರೂ ನಂಬುವುದಿಲ್ಲ.

ಬಂಡೆಗಣ್ಣು (ಚಿತ್ರದುರ್ಗ, ಚಿತ್ರಕಲಾ ಶಿಕ್ಷಕ):

ಬಂಡೆಯ ಬಗ್ಗೆ. ಹವ್ಯಾಸದ ಅಂಗಡಿಗಳಲ್ಲಿ ಸಿಗುವ ರಬ್ಬರ್ ಅಚ್ಚುಗಳು ಬಹುತೇಕ ಪದರ ಪದರವಾಗಿ ಸೀಳಿದ, ಚೂಪಾದ ಅಂಚುಗಳ ಬಂಡೆಗಳವು. ದುರ್ಗದ ಬೆಟ್ಟ ಹಾಗಿಲ್ಲ. ಇಲ್ಲಿಯ ಕಲ್ಲು ಬಿರುಕುಗಳ ಉದ್ದಕ್ಕೂ ಸವೆದು, ಮೂಲೆಗಳು ಕರಗಿ, ಈರುಳ್ಳಿಯ ಸಿಪ್ಪೆಯಂತೆ ಮೇಲ್ಪದರ ಬಿಟ್ಟುಕೊಂಡು ಗುಂಡಗಾಗಿದೆ. ಆದ್ದರಿಂದ ಅಚ್ಚು ಬೇಡ. ದಪ್ಪ ಥರ್ಮಾಕೋಲ್ ತುಂಡುಗಳನ್ನು ಮೊದಲು ಚೌಕವಾಗಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಆಮೇಲೆ ಮೂಲೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಗುಂಡಗೆ ಮಾಡಿ. ಪ್ರಕೃತಿಯೂ ಅದೇ ಕ್ರಮದಲ್ಲಿ ಮಾಡಿದೆ, ಮೊದಲು ಬಿರುಕು, ನಂತರ ಸವೆತ. ಮೇಲೆ ಪಿಒಪಿಗೆ ಸ್ವಲ್ಪ ಫೆವಿಕಾಲ್ ಬೆರೆಸಿ ತೆಳುವಾಗಿ ಹಚ್ಚಿ, ಆರುವ ಮುನ್ನ ಒದ್ದೆ ಸ್ಪಂಜಿನಿಂದ ತಟ್ಟಿ. ಸ್ಪ್ರೇ ಪೇಂಟು ಥರ್ಮಾಕೋಲನ್ನು ಕರಗಿಸುವುದರಿಂದ ಈ ಲೇಪ ಪೂರ್ತಿಯಾಗಿ ಮುಚ್ಚುವವರೆಗೆ ಅದನ್ನು ಹತ್ತಿರ ತರಬೇಡಿ.

ಬಣ್ಣದಲ್ಲಿ ಎಲ್ಲರೂ ಬೂದುಬಣ್ಣದ ಡಬ್ಬಿಯನ್ನೇ ತೆರೆಯುತ್ತಾರೆ. ಬಿಸಿಲಿನಲ್ಲಿ ನಿಂತು ನೋಡಿ: ಕಲ್ಲಿನ ಮೈ ತಿಳಿ ಕಂದು, ಅದರಲ್ಲಿ ನಸುಗುಲಾಬಿಯ ಛಾಯೆ, ಮಳೆನೀರು ಇಳಿಯುವ ಜಾಡುಗಳಲ್ಲಿ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆಗಳು. ತಿಳಿ ಕಂದನ್ನು ತಳಕ್ಕೆ ಹಚ್ಚಿ, ನೀರಾದ ಕಪ್ಪನ್ನು ಮೇಲಂಚಿನಲ್ಲಿ ಬಿಟ್ಟು ತಾನಾಗಿ ಇಳಿಯಲು ಬಿಡಿ. ಗಾತ್ರದಲ್ಲಿಯೂ ಧೈರ್ಯ ಬೇಕು. ಹತ್ತು ಮೀಟರಿನ ಗುಂಡು ಮಾದರಿಯಲ್ಲಿ ಹನ್ನೊಂದೂವರೆ ಸೆಂಟಿಮೀಟರ್, ಅಂದರೆ ನಿಲ್ದಾಣದ ಕಟ್ಟಡಕ್ಕಿಂತ ಎತ್ತರ. ಅಂಥದ್ದೊಂದನ್ನು ಹಳಿಯ ತುದಿಯ ಹಿಂದೆ ನಿಲ್ಲಿಸಿ, ಉಳಿದ ಬೆಟ್ಟವನ್ನು ಹಿಂಬದಿಯ ಹಾಳೆಯ ಮೇಲೆ ಮಾಸಲು ನೀಲಿಬೂದಿಯಲ್ಲಿ ಬರೆದರೆ ಎರಡು ಅಡಿ ಅಗಲದಲ್ಲೇ ಮೈಲಿಗಟ್ಟಲೆ ದೂರ ಬರುತ್ತದೆ.

ಮಣ್ಣನ್ನು ಊರಿನದೇ ಬಳಸಿ, ಆದರೆ ನೇರವಾಗಿ ಬೇಡ. ಬಾಣಲೆಯಲ್ಲಿ ಹುರಿದು ಹುಳ, ಬೀಜ ಸಾಯಿಸಿ, ಬಟ್ಟೆಯಲ್ಲಿ ಸೋಸಿ, ಕಾಗದದ ಮೇಲೆ ಹರಡಿ ಬಲವಾದ ಅಯಸ್ಕಾಂತವನ್ನು ಆಡಿಸಿ. ನಮ್ಮ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಳೇ ಇವೆಯಾದ್ದರಿಂದ ಅಯಸ್ಕಾಂತಕ್ಕೆ ಕಪ್ಪು ಪುಡಿ ಅಂಟಿಕೊಂಡರೆ ಆಶ್ಚರ್ಯವಿಲ್ಲ. ಅದು ಹಲಗೆಯ ಮೇಲೆ ಉಳಿದರೆ ಎಂಜಿನ್ನಿನ ಮೋಟಾರಿನೊಳಗಿರುವ ಅಯಸ್ಕಾಂತ ಎಳೆದುಕೊಂಡು ಗೇರುಗಳನ್ನು ಕೆಡಿಸುತ್ತದೆ. ಅಂಟು ಬಿದ್ದಾಗ ಕೆಮ್ಮಣ್ಣು ಕಪ್ಪಾಗುತ್ತದೆ, ಒಣಗಿದ ಮೇಲೂ ಮೂಲಬಣ್ಣಕ್ಕೆ ಪೂರ್ತಿ ಮರಳುವುದಿಲ್ಲ. ರಟ್ಟಿನ ಚೂರಿನ ಮೇಲೆ ಮೊದಲು ಪರೀಕ್ಷಿಸಿ ನೋಡಿ, ಕಪ್ಪೆನಿಸಿದರೆ ಒಣ ಮಣ್ಣನ್ನು ಮತ್ತೊಮ್ಮೆ ಉದುರಿಸಿ.

ಕಾಲವನ್ನು ನಿಶ್ಚಯಿಸಿದಂತೆ ಋತುವನ್ನೂ ನಿಶ್ಚಯಿಸಿ. ನನ್ನ ಮತ ಏಪ್ರಿಲ್ ತಿಂಗಳಿಗೆ. ಹಸಿರು ಹುಲ್ಲಿನ ಹಾಸು ಎಲ್ಲ ದೇಶದ ಮಾದರಿಯಲ್ಲಿಯೂ ಇರುತ್ತದೆ. ಸೆಣಬಿನ ಹುರಿಯನ್ನು ಐದು ಮಿಲಿಮೀಟರಿನಂತೆ ಕತ್ತರಿಸಿ ನೆಟ್ಟ ಒಣಹುಲ್ಲು, ಬಳ್ಳಾರಿ ಜಾಲಿಯ ಪೊದೆ, ಒಂದು ಬೇವಿನ ಮರ, ಇವು ನಮ್ಮವು. ಬೇವನ್ನು ಹನ್ನೆರಡು ಸೆಂಟಿಮೀಟರಿಗಿಂತ ಕಡಿಮೆ ಮಾಡಬೇಡಿ. ಅಂಗಡಿಯಲ್ಲಿ ಸಿಗುವ ಐದಾರು ಸೆಂಟಿಮೀಟರಿನ ಮರ ನಿಜದಲ್ಲಿ ಐದು ಮೀಟರಿನ ಎಳೆ ಗಿಡ. ಎಲೆಗೆ ಸ್ಪಂಜನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಬಣ್ಣದಲ್ಲಿ ನೆನೆಸಬೇಕು. ಆ ಮಿಕ್ಸಿ ಅಡುಗೆಮನೆಯದಾಗಿರಬಾರದು ಎಂಬುದನ್ನು ವಿವರಿಸಬೇಕಾಗಿಲ್ಲ.

ಬಾಕ್ಸ್‌ಎನ್ ಪ್ರಿಯ (ಹರಿಹರ):

ಎಲ್ಲರ ಮಾತಿಗೂ ಗೌರವವಿದೆ, ಆದರೆ ಬ್ರಾಡ್ ಗೇಜನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ಗೋಡೆಗೆ ಒತ್ತಿದ ಹಲಗೆಯನ್ನು ನೋಡುವವನು ಪಕ್ಕದಿಂದಲೇ ನೋಡುತ್ತಾನೆ. ಹಳಿ ಎರಡೂಮುಕ್ಕಾಲು ಮಿಲಿಮೀಟರ್ ಕಿರಿದಾಗಿದೆಯೆಂಬುದು ಎದುರಿನಿಂದ ಬಗ್ಗಿ ನೋಡಿದವನಿಗೆ ಮಾತ್ರ ತಿಳಿಯುತ್ತದೆ. ಕೈಯಲ್ಲಿರುವ ಸೆಟ್ಟನ್ನು ಮೂಲೆಗೆ ಹಾಕಿ 12 ಮಿ.ಮೀ. ಹಳಿ, ಪಾಯಿಂಟು (ಹಳಿ ಕವಲೊಡೆಯುವ ತುಂಡು), ಚಾಸಿ ಎಲ್ಲವನ್ನೂ ಹೊರದೇಶದಿಂದ ತರಿಸುವ ಖರ್ಚನ್ನೂ ಯಾರೂ ಹೇಳಲಿಲ್ಲ.

ಬಾಕ್ಸ್‌ಎನ್ ವ್ಯಾಗನ್ ಮನೆಯಲ್ಲಿ ಮಾಡುವುದಕ್ಕೆ ಹೇಳಿ ಮಾಡಿಸಿದ್ದು. ಕಪ್ಲರ್‌ಗಳೂ (ಜೋಡಣೆಯ ಕೊಂಡಿಗಳೂ) ಸೇರಿ ನಿಜವಾದ ಉದ್ದ ಸುಮಾರು 10.7 ಮೀಟರ್, ಮಾದರಿಯಲ್ಲಿ 12.3 ಸೆಂ.ಮೀ.; ಎಂಟು ವ್ಯಾಗನ್‌ಗಳಿಗೆ ಒಂದು ಮೀಟರ್ ಸಾಕು. ಮೈಗೆ ಮೌಂಟ್ ಬೋರ್ಡ್, ನಿಲುವು ಪಟ್ಟಿಗಳಿಗೆ ತೆಳು ಪ್ಲಾಸ್ಟಿಕ್ ಕಡ್ಡಿ. ಅದಕ್ಕೆ ನಿಜದಲ್ಲಿಯೂ ಅಮೆರಿಕದ ಮಾದರಿಯ ನಡುಗಪ್ಲರ್ ಇರುವುದರಿಂದ ಕೇಡೀ ಎಂಬ ಕಂಪನಿಯ ತರಹದ ಮಾದರಿ ಕಪ್ಲರ್ ಹಾಕಿದರೆ ನೋಟಕ್ಕೂ ಸರಿ, ಕೆಲಸಕ್ಕೂ ಸರಿ.

ತೂಕದ ವಿಷಯದಲ್ಲಿ ಅಮೆರಿಕದ ಎನ್‌ಎಂಆರ್‌ಎ ಸಂಸ್ಥೆಯ ಶಿಫಾರಸು ಪಾಲಿಸಿ: ಎಚ್‌ಒ ವಾಹನಕ್ಕೆ ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. ಈ ಲೆಕ್ಕದಲ್ಲಿ ಬಾಕ್ಸ್‌ಎನ್ ಸುಮಾರು 97 ಗ್ರಾಂ ತೂಗಬೇಕು. ರಟ್ಟಿನ ವ್ಯಾಗನ್ ಹಗುರವಾಗಿದ್ದು ತಿರುವಿನಲ್ಲಿ ಹಳಿ ತಪ್ಪುತ್ತದೆ, ಆದ್ದರಿಂದ ಅದಿರಿನ ರಾಶಿಯ ಕೆಳಗೆ ನಟ್ಟುಗಳನ್ನು ಅಂಟಿಸಿ. ಆ ರಾಶಿಯ ಎತ್ತರವೇ ನಿಜವಾದ ಪರೀಕ್ಷೆ. ವ್ಯಾಗನ್ನಿನ ಒಳಗಾತ್ರ ಸುಮಾರು 56 ಘನ ಮೀಟರ್. ಕಲ್ಲಿದ್ದಲಾದರೆ ಅಂಚಿನವರೆಗೆ ತುಂಬುತ್ತದೆ, ಅದಿರು ಭಾರವಾದ್ದರಿಂದ ಅರ್ಧಕ್ಕೂ ಮುನ್ನವೇ ತೂಕದ ಮಿತಿ ಮುಟ್ಟುತ್ತದೆ. ಅದಿರನ್ನು ಗೋಪುರದಂತೆ ಪೇರಿಸಿದ ಬಾಕ್ಸ್‌ಎನ್ ಕಂಡರೆ ಮಾಡಿದವರು ಗೂಡ್ಸ್ ರೈಲನ್ನು ಸೇತುವೆಯ ಮೇಲಿನಿಂದ ನೋಡಿಲ್ಲವೆಂದೇ ಅರ್ಥ.

ಹಲಗೆರೈಲು (ದಾವಣಗೆರೆ):

ಎಲ್ಲರಿಗೂ ಕೃತಜ್ಞತೆಗಳು. ಬಾಕ್ಸ್‌ಎನ್ ಪ್ರಿಯರ ವಾದದಲ್ಲಿ ಖರ್ಚಿನ ಮಾತು ಸತ್ಯ. ಆದರೂ ಎಂಜಿನ್ ಸುತ್ತಿ ಬಂದು ಜೋಡಿಸಿಕೊಳ್ಳುವ ಕೆಲಸವೇ ನನ್ನನ್ನು ಸೆಳೆಯುತ್ತಿರುವುದರಿಂದ ಮೀಟರ್ ಗೇಜಿನ ಕೊನೆಯ ನಿಲ್ದಾಣವನ್ನೇ ಮಾಡಲು ನಿರ್ಧರಿಸಿದ್ದೇನೆ. ಮೊದಲು ಕಟ್ಟಡ, ನೆಲ, ಬಂಡೆಗಳನ್ನು ಮುಗಿಸಿ, ಹಳಿಯನ್ನು ಒಂದೊಂದಾಗಿ ತರಿಸಿದರೆ ಹೊರೆಯಾಗಲಾರದು. 16.5 ಮಿ.ಮೀ. ಹಳಿಯ ಒಂದು ತುಂಡಿನ ಮೇಲೆ ಎರಡು ಬಾಕ್ಸ್‌ಎನ್‌ಗಳನ್ನು ಮಾಡಿ ಕಪಾಟಿನಲ್ಲಿ ಇಡುತ್ತೇನೆ.

ಒಂದೇ ಪ್ರಶ್ನೆ ಉಳಿದಿದೆ. ಕೋಣೆ ಆರ್‌ಸಿಸಿ ತಾರಸಿಯ ಕೆಳಗಿದ್ದು ಬೇಸಿಗೆಯಲ್ಲಿ ಕಾದ ಹೆಂಚಾಗುತ್ತದೆ, ಮಳೆಗಾಲದಲ್ಲಿ ತೇವವೂ ಇದೆ. ಹಳಿ ಸೊಟ್ಟಗಾಗುವುದೇ?

ಪಿ.ಡಬ್ಲ್ಯು.ಐ. (ಚಿತ್ರದುರ್ಗ, ನಿವೃತ್ತ):

ಸೊಟ್ಟಗಾಗಬಹುದು, ಆದರೆ ತಡೆಯುವುದು ಕಷ್ಟವಲ್ಲ. ಮಾದರಿ ಹಳಿಯ ನಿಕಲ್ ಸಿಲ್ವರ್ ಲೋಹ ಚಳಿಗಾಲದ 15 ಡಿಗ್ರಿಯಿಂದ ಬೇಸಿಗೆಯ 40 ಡಿಗ್ರಿಗೆ ಹೋದಾಗ ಎಂಟು ಅಡಿಗೆ ಒಂದು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಹಳಿಯನ್ನು ಡಿಸೆಂಬರ್‌ನಲ್ಲಿ ಹಾಕುವುದಾದರೆ ಪ್ರತಿ ಜೋಡಣೆಯಲ್ಲೂ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡಿ. ಏಪ್ರಿಲ್‌ನಲ್ಲಿ ಹಾಕಿದರೆ ಸೇರಿಸಿಯೇ ಹಾಕಬಹುದು. ಸಂದಿನಲ್ಲಿ ವಿದ್ಯುತ್ ಸಂಪರ್ಕ ಕೈಕೊಡದಂತೆ ಪ್ರತಿ ಹಳಿತುಂಡಿಗೂ ಪ್ರತ್ಯೇಕ ತಂತಿಯನ್ನು ಬೆಸೆದು ಹಲಗೆಯ ಕೆಳಕ್ಕೆ ಇಳಿಸಿ. ಲೋಹಕ್ಕಿಂತ ಹೆಚ್ಚು ಕಾಟ ಕೊಡುವುದು ತೇವ ಕುಡಿದ ಪ್ಲೈವುಡ್. ಹಳಿ ಹಾಕುವ ಮುನ್ನವೇ ಅದರ ಮೇಲೆ, ಕೆಳಗೆ, ಅಂಚುಗಳಿಗೆ ಎಣ್ಣೆ ಬಣ್ಣವನ್ನೋ ವಾರ್ನಿಶನ್ನೋ ಎರಡು ಸಲ ಬಳಿಯಿರಿ. ಒಂದೇ ಮಗ್ಗುಲಿಗೆ ಬಳಿದರೆ ಹಲಗೆ ಆ ಕಡೆಗೋ ಈ ಕಡೆಗೋ ಬಾಗುತ್ತದೆ. ಜಲ್ಲಿಗೆ ಅಂಟು ಬಿಡುವಾಗ ಪಾಯಿಂಟಿನ ಆಡುವ ನಾಲಿಗೆ ಮತ್ತು ಅದನ್ನು ಎಳೆಯುವ ಪಟ್ಟಿಯ ಸುತ್ತ ಎರಡು ಅಂಗುಲ ಜಾಗವನ್ನು ಬಿಟ್ಟು, ಅಲ್ಲಿ ಜಲ್ಲಿಯ ಬದಲು ಬಣ್ಣ ಬಳಿದ ಮರಳುಕಾಗದದ ಚೂರನ್ನು ಅಂಟಿಸಿ.